ಓದು ಬಾರದ ಅವ್ವ, ಅರ್ಧಕ್ಕೆ ಶಾಲೆ ಬಿಟ್ಟ ಅತ್ತಿಗೆ: ಊರಿನ ಗ್ರಂಥಾಲಯದಿಂದ ಏನಾಗುತ್ತದೆ?

ಪ್ರಶ್ನೆ: ನಮ್ಮದು ಶಹಾಪುರ ತಾಲ್ಲೂಕಿನ ಒಂದು ಹಳ್ಳಿ. ಡಿಗ್ರಿ ಮುಗಿಸಿ ಸದ್ಯಕ್ಕೆ ಮನೆಯಲ್ಲಿದ್ದೇನೆ. ಅವ್ವನಿಗೆ 47 ವರ್ಷ. ಸಹಿ ಹಾಕುತ್ತಾಳೆ, ಓದಲು ಬರಲ್ಲ. ಅತ್ತಿಗೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅಕ್ಷರ ಕೂಡಿಸಿ ಓದುತ್ತಾರೆ, ಅರ್ಧ ಪುಟಕ್ಕೇ ಸಾಕಾಗಿಬಿಡುತ್ತದೆ. ಅವರ ಮಗಳು ಎರಡನೇ ಕ್ಲಾಸು. ಪಂಚಾಯಿತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಅಂತ ಬೋರ್ಡ್ ಹಾಕಿದ್ದಾರೆ. ಅಲ್ಲಿ ದೊಡ್ಡವರಿಗೆ ಓದು ಕಲಿಸುತ್ತಾರಾ? ಅವ್ವನನ್ನು ಕೇಳಿದರೆ “ಈ ವಯಸ್ಸಿನ್ಯಾಗ ಓದಿ ನಾನೇನು ತಹಶೀಲ್ದಾರ್ ಆಗಬೇಕೇನು?” ಅನ್ನುತ್ತಾಳೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೇರವಾಗಿ ಹೇಳುತ್ತೇನೆ. ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿ ಎಲ್ಲ ಅರಿವು ಕೇಂದ್ರಗಳಲ್ಲೂ ಇರುವುದಿಲ್ಲ. ಸರ್ಕಾರದಲ್ಲಿ ಆ ಕೆಲಸ ಬೇರೆಯವರದು, ಲೋಕ ಶಿಕ್ಷಣ ನಿರ್ದೇಶನಾಲಯದ್ದು. ಆದರೆ ಅಕ್ಷರ ಕಲಿಯುವುದಕ್ಕಿಂತ ಕಷ್ಟದ ಕೆಲಸ ಒಂದಿದೆ. ಕಲಿತದ್ದನ್ನು ಮರೆಯದೆ ಇಟ್ಟುಕೊಳ್ಳುವುದು. ಅದಕ್ಕೆ ಗ್ರಂಥಾಲಯ ಬೇಕೇ ಬೇಕು. ಹಾಗಾಗಿ ಪಾಠ ಮನೆಯಲ್ಲಿ ನಡೆಯಲಿ, ಸಂಘದ ಕಟ್ಟೆ ಮೇಲೆ ನಡೆಯಲಿ, ಪುಸ್ತಕ ಮಾತ್ರ ಮೊದಲ ವಾರದಿಂದಲೇ ಗ್ರಂಥಾಲಯದಿಂದ ಬರಲಿ. “ಮೊದಲು ಓದೋದು ಕಲೀಲಿ, ಆಮೇಲೆ ಲೈಬ್ರರಿಗೆ ಕರ್ಕೊಂಡು ಹೋಗೋಣ” ಅಂತ ಕಾಯಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಆಂದೋಲನ ನಡೆಯಿತು. ಜಾಥಾ, ಬೀದಿ ನಾಟಕ, ಲಾಟೀನು ಬೆಳಕಿನಲ್ಲಿ ಪಾಠ. ನಿಮ್ಮ ಊರಿನ ಹಿರಿಯರನ್ನು ಕೇಳಿ, ಹಾಡು ಕೂಡ ನೆನಪಿರುತ್ತದೆ. 2009ರಲ್ಲಿ ‘ಸಾಕ್ಷರ ಭಾರತ’ ಬಂತು. ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅಲ್ಲಿಗೆ ಪ್ರೇರಕರು. 2018ರ ಮಾರ್ಚ್‌ಗೆ ಅದೂ ಮುಗಿಯಿತು. ಯೋಜನೆ ಮುಗಿದ ಕೂಡಲೇ ಕೇಂದ್ರಕ್ಕೆ ಬೀಗ. ಅಲ್ಲಿ ಕಲಿತ ಎಷ್ಟೋ ಹೆಂಗಸರು ಕೆಲವೇ ವರ್ಷಗಳಲ್ಲಿ ಸಹಿ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮರೆತರು. ಅವರಿಗೆ ಬುದ್ಧಿ ಕಡಿಮೆ ಇತ್ತು ಅಂತಲ್ಲ. ಓದಲು ಮನೆಯಲ್ಲಿ ಏನೂ ಇರಲಿಲ್ಲ, ಅಷ್ಟೇ.

ಕೇರಳದಲ್ಲಿ ಇದು ಹಿಂದುಮುಂದಾಗಿ ನಡೆಯಿತು. ಪಿ.ಎನ್. ಪಣಿಕ್ಕರ್ 1945ರಲ್ಲೇ 47 ಗ್ರಂಥಾಲಯಗಳನ್ನು ಸೇರಿಸಿ ಒಂದು ಸಂಘ ಕಟ್ಟಿದ್ದರು. ಅದು ಊರೂರಿಗೆ ಬೆಳೆಯಿತು. ಎರ್ನಾಕುಲಂ ಜಿಲ್ಲೆ ಸಂಪೂರ್ಣ ಸಾಕ್ಷರ ಅಂತ ಘೋಷಣೆಯಾದದ್ದು 1990ರಲ್ಲಿ, ಇಡೀ ರಾಜ್ಯ 1991ರಲ್ಲಿ. ಅಷ್ಟು ಹೊತ್ತಿಗೆ ಹೊಸದಾಗಿ ಕಲಿತವರು ಹೋಗಿ ಕೂರಲು ಊರಲ್ಲೊಂದು ವಾಚನಾಲಯ ಇತ್ತು. ನಮ್ಮಲ್ಲಿ 2011ರ ಜನಗಣತಿ ಪ್ರಕಾರ ರಾಜ್ಯದ ಸಾಕ್ಷರತೆ ಶೇ 75.36. ನಿಮ್ಮ ಯಾದಗಿರಿ ಜಿಲ್ಲೆಯದು ಶೇ 51.83, ರಾಜ್ಯದಲ್ಲೇ ಕೊನೆ. ಆ ಲೆಕ್ಕ ಹಳೆಯದು ನಿಜ. ಆದರೆ ಆಗ ಓದು ಬಾರದ ಹೆಂಗಸರಲ್ಲಿ ಹೆಚ್ಚಿನವರು ಇವತ್ತಿಗೂ ಹೊಲಕ್ಕೆ ಹೋಗುತ್ತಾ, ಸಂಘಕ್ಕೆ ದುಡ್ಡು ಕಟ್ಟುತ್ತಾ ಇದ್ದಾರೆ ಅಲ್ವಾ?

ಈಗ ನಿಮ್ಮ ಅರಿವು ಕೇಂದ್ರದ ವಿಚಾರ. ಹಳ್ಳಿ ಗ್ರಂಥಾಲಯಗಳು ಮೊದಲು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಅವನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. 5,600ಕ್ಕೂ ಹೆಚ್ಚು ಗ್ರಂಥಾಲಯಗಳು. 2020ರ ನವೆಂಬರ್ 14ರಂದು, ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ಹೊತ್ತಲ್ಲಿ, ‘ಓದುವ ಬೆಳಕು’ ಅಭಿಯಾನ ಶುರುವಾಯಿತು. ಇದರ ಹಿಂದೆ ಆಗ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ಉಮಾ ಮಹಾದೇವನ್ ಅವರ ಶ್ರಮ ದೊಡ್ಡದು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಗೋಡೆಗೆ ಬಣ್ಣ, ಚೆಸ್ ಬೋರ್ಡು, ಕತೆ ಪುಸ್ತಕ, ಗಟ್ಟಿ ಓದು ಎಲ್ಲ ಬಂತು. ಅದರ ಜೊತೆಗೆ ಬಂದ ‘ಅಮ್ಮನಿಗಾಗಿ ಒಂದು ಪುಸ್ತಕ’ ಅನ್ನುವ ಕಾರ್ಯಕ್ರಮ ನನಗೆ ಎಲ್ಲಕ್ಕಿಂತ ಇಷ್ಟ. ಮಗು ಗ್ರಂಥಾಲಯದಿಂದ ಪುಸ್ತಕ ತಂದು ಅಮ್ಮನಿಗೆ ಓದಿ ಹೇಳಬೇಕು. ಖರ್ಚಿಲ್ಲ, ತರಗತಿ ಇಲ್ಲ, ರಿಜಿಸ್ಟರ್ ಇಲ್ಲ. ಪುಸ್ತಕ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ನಿಮ್ಮ ಊರಲ್ಲಿ ಆ ಹೆಸರಲ್ಲಿ ನಡೆಯುತ್ತಿಲ್ಲ ಅಂದರೂ ನೀವು ಮಾಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ಗ್ರಂಥಾಲಯದ ಮೇಲ್ವಿಚಾರಕರನ್ನು ಹೋಗಿ ಮಾತಾಡಿಸಿ. ‘ದೊಡ್ಡವರಿಗೆ ಕ್ಲಾಸ್ ಮಾಡಿ’ ಅಂತ ಕೇಳಬೇಡಿ. ಬಾಗಿಲು ತೆಗೆಯುವುದು, ಪೇಪರ್ ಜೋಡಿಸುವುದು, ಮಕ್ಕಳ ಕಾರ್ಯಕ್ರಮ, ಪಂಚಾಯಿತಿ ಹೇಳಿದ ಇನ್ನೊಂದು ಕೆಲಸ, ಎಲ್ಲ ಅವರೊಬ್ಬರದ್ದೇ. ಗೌರವಧನವೂ ದೊಡ್ಡದೇನಲ್ಲ. ಕ್ಲಾಸ್ ಅಂದ ಕೂಡಲೇ ಇನ್ನೊಂದು ಹೊರೆ ಬಂತು ಅಂದುಕೊಳ್ಳುತ್ತಾರೆ. ಬದಲಿಗೆ ಮೂರು ಸಣ್ಣ ವಿಷಯ ಕೇಳಿ. ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಹೆಂಗಸರಿಗೆ ಕೂರಲು ಜಾಗ. ದೊಡ್ಡ ಅಕ್ಷರದ, ಕಡಿಮೆ ಸಾಲಿನ ಪುಸ್ತಕಗಳಿಗೆ ಬೇರೆ ಒಂದು ಕಪಾಟು. ಮತ್ತೆ, ಅವ್ವನ ಹೆಸರಲ್ಲೂ ಒಂದು ಕಾರ್ಡ್. ಈ ಕೊನೆಯದನ್ನು ಮರೆಯಬೇಡಿ. ನಿಮ್ಮ ಕಾರ್ಡಿನಲ್ಲಿ ತಂದ ಪುಸ್ತಕ ನಿಮ್ಮದಾಗುತ್ತದೆ. ಅವ್ವನ ಹೆಸರು ರಿಜಿಸ್ಟರಿನಲ್ಲಿ ಇದ್ದರೆ ವಾಪಸ್ ಕೊಡುವ ನೆಪದಲ್ಲಾದರೂ ಆಕೆ ಅಲ್ಲಿಗೆ ಹೋಗುತ್ತಾಳೆ.

ಸಂಕೋಚ ಪಡಬೇಡಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಶಿಕ್ಷಣ ಕರದ ಜೊತೆ ಗ್ರಂಥಾಲಯ ಕರ ಅಂತಲೂ ಒಂದು ಸಾಲಿದೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ಕಂದಾಯದ ಮೇಲೆ ಶೇ 6. ನಿಮ್ಮ ಮನೆಯವರು ವರ್ಷಾ ವರ್ಷ ಕಟ್ಟುತ್ತಿದ್ದಾರೆ. ಓದು ಬಾರದವರ ಮನೆಯಿಂದಲೂ ಕರ ತೆಗೆದುಕೊಳ್ಳುವ ಗ್ರಂಥಾಲಯದಲ್ಲಿ ಅವರಿಗೂ ಒಂದು ಕಪಾಟು ಇರಲಿ ಅನ್ನುವುದು ಅತಿಯಾಸೆ ಅಲ್ಲ.

ಇನ್ನು ಅವ್ವ. ಆಕೆಯ ಮಾತಿಗೆ ವಾದ ಹೂಡಬೇಡಿ, “ಜ್ಞಾನ ಮುಖ್ಯ” ಅಂತ ಭಾಷಣವಂತೂ ಬೇಡವೇ ಬೇಡ. ಮೊದಲು ಕಣ್ಣು ತೋರಿಸಿ. ಇದು ನಾನು ತಮಾಷೆಗೆ ಹೇಳುತ್ತಿಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಹಜ. ಸೂಜಿಗೆ ದಾರ ಪೋಣಿಸಲು ನಿಮ್ಮನ್ನು ಕರೆಯುತ್ತಾರಾ? ಅಕ್ಕಿ ಆರಿಸುವಾಗ ಮೊರವನ್ನು ದೂರ ಹಿಡಿಯುತ್ತಾರಾ? ಹಾಗಾದರೆ ಅಕ್ಷರವೂ ಕಲಸಿಕೊಂಡೇ ಕಾಣುತ್ತದೆ. ಎಷ್ಟೋ ಹೆಂಗಸರು “ನನ್ನ ತಲೆಗೆ ಹತ್ತಲ್ಲ” ಅಂತ ಬಿಟ್ಟಿರುವುದು ಕನ್ನಡಕ ಇಲ್ಲದ ಕಾರಣಕ್ಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಓದುವ ಕನ್ನಡಕ ಮಾಡಿಸಿ, ಆಮೇಲೆ ಪುಸ್ತಕ ಕೈಗೆ ಕೊಡಿ.

ಎರಡನೆಯದು, ಆಕೆಗೆ ಏನು ಓದಬೇಕು ಅಂತ ಆಕೆಯನ್ನೇ ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1984ರಿಂದ ಸಾರ್ವಜನಿಕ ಗ್ರಂಥಾಲಯಗಳೇ ದೊಡ್ಡವರಿಗೆ ಓದು ಕಲಿಸುತ್ತಿವೆ. ಅಲ್ಲಿ ಒಬ್ಬ ಸ್ವಯಂಸೇವಕ, ಒಬ್ಬ ಕಲಿಯುವವರು ಜೊತೆಗೆ ಕೂರುತ್ತಾರೆ. ಪಾಠಕ್ಕೆ ಮೊದಲು ಕೇಳುವ ಪ್ರಶ್ನೆ, ನಿಮಗೆ ಯಾವ ಕೆಲಸಕ್ಕೆ ಓದು ಬೇಕು ಅಂತ. ಡ್ರೈವಿಂಗ್ ಲೈಸೆನ್ಸಿಗಾ, ಮಗುವಿಗೆ ಕತೆ ಹೇಳಲಿಕ್ಕಾ? ಕಲಿಕೆ ಅಲ್ಲಿಂದ ಶುರು. ಇಲ್ಲಿಗೂ ಅದೇ ಸರಿ. ನಿಮ್ಮ ಅವ್ವ ತಹಶೀಲ್ದಾರ್ ಆಗುವುದು ಬೇಡ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿನ ಚಿಂತೆ ಇಲ್ಲ, ಆದರೆ ಬಸ್ಸಿನ ಬೋರ್ಡ್ ಓದಲು ಇನ್ನೊಬ್ಬರನ್ನು ಕೇಳಬೇಕು. ಸಂಘದ ಪಾಸ್‌ಬುಕ್ಕಿನಲ್ಲಿ ಬರೆದದ್ದು ಸರಿ ಇದೆಯಾ ಅಂತ ತಿಳಿಯಲು ನೀವು ಬರುವ ತನಕ ಕಾಯಬೇಕು. ಜಾಬ್ ಕಾರ್ಡ್, ರೇಷನ್ ಚೀಟಿ, ಗೃಹಲಕ್ಷ್ಮಿ ದುಡ್ಡು ಬಂದ ಮೆಸೇಜು. ಇವುಗಳಲ್ಲಿ ಯಾವುದು ಆಕೆಗೆ ಜಾಸ್ತಿ ಚುಚ್ಚುತ್ತದೋ ಅದೇ ಮೊದಲ ಪಾಠ.

ಅಂಕಿ ಆಕೆಗೆ ಬರುತ್ತದೆ, ನೋಡಿ. ಫೋನ್ ನಂಬರ್ ಒತ್ತುತ್ತಾಳೆ, ನೋಟು ಎಣಿಸುತ್ತಾಳೆ. ಹಾಗಾಗಿ ನೋಟಿನಿಂದಲೇ ಶುರು ಮಾಡಿ. ಹತ್ತು ರೂಪಾಯಿ ನೋಟನ್ನು ತಿರುವಿ. ಹಿಂದೆ ಒಂದು ಪಟ್ಟಿಯಲ್ಲಿ ಹದಿನೈದು ಭಾಷೆಯ ಸಾಲುಗಳಿವೆ. ಮೇಲಿನಿಂದ ನಾಲ್ಕನೆಯದು ಕನ್ನಡ: ‘ಹತ್ತು ರೂಪಾಯಿಗಳು’. ಅಕ್ಷರ ತೀರ ಸಣ್ಣದು, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿ. ಇಪ್ಪತ್ತರ ನೋಟು, ನೂರರ ನೋಟು ಪಕ್ಕದಲ್ಲಿಡಿ. ಯಾವುದು ಬದಲಾಗಿದೆ, ಯಾವುದು ಹಾಗೇ ಉಳಿದಿದೆ ಅಂತ ಆಕೆಯೇ ಕಂಡುಹಿಡಿಯಲಿ. ‘ರೂಪಾಯಿ’ ಅನ್ನುವ ಭಾಗ ಎಲ್ಲದರಲ್ಲೂ ಒಂದೇ ಅಂತ ಗೊತ್ತಾದ ಕೂಡಲೇ ಮುಖ ನೋಡಿ. ಬಸ್ ಸ್ಟ್ಯಾಂಡಿನಲ್ಲೂ ಇದೇ ಆಟ. ‘ಶಹಾಪುರ’, ‘ಸುರಪುರ’. ಎರಡರ ಬಾಲವೂ ಒಂದೇ ‘ಪುರ’. ಸುರಪುರದಲ್ಲಿ ‘ರ’ ಎರಡು ಸಲ ಬರುತ್ತದೆ.

ಸಹಿಯ ಬಗ್ಗೆ ಒಂದು ಮಾತು. ಸಹಿ ಬರುತ್ತದೆ ಅಂದರೆ ಆ ಅಕ್ಷರಗಳು ಬರುತ್ತವೆ ಅಂತ ಅಲ್ಲ. ತುಂಬ ಜನ ಸಹಿಯನ್ನು ರಂಗೋಲಿಯ ಹಾಗೆ ಕೈ ಅಭ್ಯಾಸದಿಂದ ಹಾಕುತ್ತಾರೆ. ಆಕೆಯ ಹೆಸರಿನೊಳಗಿನ ಯಾವುದಾದರೂ ಒಂದು ಅಕ್ಷರವನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದು ತೋರಿಸಿ. ಗುರುತು ಸಿಗಲಿಲ್ಲ ಅಂದರೆ ಬೇಜಾರಾಗಬೇಡಿ. ಹೆಸರನ್ನು ಬಿಡಿ ಬಿಡಿಯಾಗಿ ಕತ್ತರಿಸಿ ಮತ್ತೆ ಜೋಡಿಸಲು ಕೊಡಿ. ಬಹಳ ಹೆಸರುಗಳ ಕೊನೆಗೆ ‘ವ್ವ’ ಅಥವಾ ‘ಮ್ಮ’ ಇರುವುದರಿಂದ ಒತ್ತಕ್ಷರ ಮೊದಲ ದಿನವೇ ಎದುರಾಗುತ್ತದೆ. ಅದನ್ನು ವಿವರಿಸಲು ಹೋಗಬೇಡಿ, ಇಡಿಯಾಗಿ ಗುರುತು ಹಿಡಿಯಲಿ ಸಾಕು.

‘ಅ ಆ ಇ ಈ’ಯಿಂದ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ. ‘ಈ’, ‘ಐ’, ‘ಔ’ ಕಲಿತು ಆಕೆ ಯಾವ ಪದ ಓದಬೇಕು? ನಿಮ್ಮ ಅಣ್ಣನ ಮಗಳ ನಲಿ ಕಲಿ ಕಾರ್ಡುಗಳನ್ನು ನೋಡಿ. ಅಲ್ಲಿ ಮೊದಲು ಬರುವುದು ‘ರ ಗ ಸ ದ ಅ’. ಐದೇ ಅಕ್ಷರ. ಆದರೆ ಕೂಡಲೇ ಪದ ಹುಟ್ಟುತ್ತದೆ: ಸರ, ರಸ, ದರ, ಅರಸ, ಅಗಸ, ದಸರ. ಮುಂದಿನ ಗುಂಪು ‘ಜ ವ ಮ ಬ ನ’. ಈಗ ಮಗ, ದನ, ಮರ, ಬರ, ಜನ. ಎಲ್ಲ ಆಕೆಗೆ ಗೊತ್ತಿರುವ ವಸ್ತು. ಆಮೇಲೆ ದೀರ್ಘ ಒಂದನ್ನೇ ಸೇರಿಸಿ. ದರ ದಾರ ಆಗುತ್ತದೆ, ಸರ ಸಾರ ಆಗುತ್ತದೆ. ಕಾಗುಣಿತದ ಇಡೀ ಸಾಲನ್ನು ಬಾಯಿಪಾಠ ಮಾಡಿಸುವುದು ಬೇಡ. ಮಕ್ಕಳಿಗೆ ತಾಳ್ಮೆ ಇರುತ್ತದೆ, ದಿನವೆಲ್ಲ ಹತ್ತಿ ಬಿಡಿಸಿ ಬಂದವರಿಗೆ ಇರುವುದಿಲ್ಲ.

ಇದರ ಜೊತೆಗೇ ಇನ್ನೊಂದು ಕೆಲಸ ನಡೆಯಲಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ರಾತ್ರಿ ಊಟ ಆದ ಮೇಲೆ ಅವ್ವನಿಗೆ ಇವತ್ತು ಏನಾಯಿತು ಅಂತ ಕೇಳಿ. ಆಕೆ ಹೇಳಿದ್ದನ್ನು ಹೇಳಿದ ಹಾಗೇ, ಆಕೆಯ ಮಾತಿನಲ್ಲೇ ಬರೆಯಿರಿ. “ಇವತ್ತ ಹತ್ತಿ ಬಿಡಸಾಕ ಹೋಗಿದ್ವಿ. ಬಿಸಲ ಭಾಳ ಇತ್ತು. ಮೂರು ಮಂದಿ ಬರಲಿಲ್ಲ.” ಇಷ್ಟೇ ಸಾಕು. ‘ಹೋಗಿದ್ದೆವು’, ‘ಬಿಸಿಲು’ ಅಂತ ತಿದ್ದಬೇಡಿ. ತಿದ್ದಿದರೆ ಅದು ಪುಸ್ತಕದ ಮಾತಾಗುತ್ತದೆ, ಆಕೆಯ ಮಾತಾಗಿ ಉಳಿಯುವುದಿಲ್ಲ. ಬರೆದದ್ದರ ಕೆಳಗೆ ಬೆರಳಿಟ್ಟು ಓದಿ ತೋರಿಸಿ. ಆಮೇಲೆ ಆಕೆ ಓದಲಿ. ಮೊದಲು ನೆನಪಿನಿಂದಲೇ ಹೇಳುತ್ತಾಳೆ, ಹೇಳಲಿ. ಎರಡನೇ ದಿನ ‘ಹತ್ತಿ’ ಎಲ್ಲಿದೆ ತೋರಿಸು ಅನ್ನಿ. ಮೂರನೇ ದಿನ ‘ಮೂರು ಮಂದಿ’. ಹೀಗೆ ಹಾಳೆಗಳು ಸೇರಿದಾಗ ದಾರ ಹಾಕಿ ಹೊಲಿದು ಪುಸ್ತಕ ಮಾಡಿ. ಮೇಲ್ವಿಚಾರಕರು ಒಪ್ಪಿದರೆ ಅದನ್ನೂ ಗ್ರಂಥಾಲಯದ ಕಪಾಟಿನಲ್ಲಿ ಇಡಿ. ಊರಿನ ಬೇರೆ ಹೆಂಗಸರಿಗೆ ಓದಲು ಇದಕ್ಕಿಂತ ಸುಲಭದ ಪುಸ್ತಕ ಬೇರೆ ಸಿಗುವುದಿಲ್ಲ. ಮಾತು ಅವರದೇ, ಹೊಲವೂ ಅವರದೇ.

ಗ್ರಂಥಾಲಯದಲ್ಲಿ ಪೇಪರ್ ಇದ್ದೇ ಇರುತ್ತದೆ. ಪೂರ್ತಿ ಓದಿಸಬೇಡಿ. ತಲೆಬರಹದ ದೊಡ್ಡ ಅಕ್ಷರ, ಮಾರುಕಟ್ಟೆ ಧಾರಣೆಯಲ್ಲಿ ಹತ್ತಿ, ತೊಗರಿಯ ಸಾಲು. ಸುಮ್ನೆ ಅಷ್ಟು ನೋಡಿ ಬಂದರೂ ಅವತ್ತಿನ ಓದು ಆಯಿತು.

ಅತ್ತಿಗೆಯ ಕತೆ ಬೇರೆ. ಅವರಿಗೆ ಅಕ್ಷರ ಬರುತ್ತದೆ, ವೇಗ ಇಲ್ಲ. ಒಂದೊಂದೇ ಅಕ್ಷರ ಕೂಡಿಸುವಾಗ ಮನಸ್ಸೆಲ್ಲ ಅದಕ್ಕೇ ಹೋಗುತ್ತದೆ. ಸಾಲು ಮುಗಿಯುವಷ್ಟರಲ್ಲಿ ಶುರುವಿನಲ್ಲಿ ಏನಿತ್ತು ಅಂತ ಮರೆತಿರುತ್ತದೆ. ಇವರಿಗೆ ಮತ್ತೆ ಅಕ್ಷರಮಾಲೆ ಹೇಳಿಕೊಟ್ಟರೆ ಅವಮಾನ. ಬೇಕಾಗಿರುವುದು ಸುಲಭದ ಪುಸ್ತಕವನ್ನು ಮತ್ತೆ ಮತ್ತೆ ಓದುವುದು. ಆದರೆ ದೊಡ್ಡವರಾಗಿ ಮಕ್ಕಳ ಪುಸ್ತಕ ಹಿಡಿದು ಕೂರಲು ನಾಚಿಕೆ ಆಗುತ್ತದಲ್ಲ? ಇಲ್ಲಿ ಮಗಳು ಕೆಲಸಕ್ಕೆ ಬರುತ್ತಾಳೆ. ಮಗಳಿಗೆ ಓದಿ ಹೇಳುವ ತಾಯಿಯನ್ನು ನೋಡಿ ಯಾರೂ ನಗುವುದಿಲ್ಲ.

ಮಗಳ ಉಚಿತ ಕಾರ್ಡಿನಲ್ಲಿ ವಾರಕ್ಕೆ ಒಂದೇ ಪುಸ್ತಕ ತನ್ನಿ. ಚಿತ್ರ ದೊಡ್ಡದಿರಬೇಕು, ಪುಟಕ್ಕೆ ಎರಡು ಮೂರು ಸಾಲು. ಪ್ರಥಮ್ ಬುಕ್ಸ್‌ನ ಕನ್ನಡ ಪುಸ್ತಕಗಳ ಮೇಲೆ 1ರಿಂದ 4ರವರೆಗೆ ಹಂತ ಹಾಕಿರುತ್ತಾರೆ, 1ರಿಂದ ಶುರು ಮಾಡಿ. ಊರಿನ ಕಪಾಟಿನಲ್ಲಿ ಇಲ್ಲದಿದ್ದರೆ ಅವರದೇ ಸ್ಟೋರಿವೀವರ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಮೊಬೈಲಿಗೆ ಇಳಿಸಿಕೊಳ್ಳಬಹುದು. ಮೊದಲ ಸಲ ನೀವು ಒಂದು ಸಾಲು ಓದಿ, ಅತ್ತಿಗೆ ಅದನ್ನೇ ಓದಲಿ. ಮಾರನೇ ದಿನ ಅತ್ತಿಗೆ ಓದಲಿ, ಮಗು ಚಿತ್ರ ನೋಡಿ ಮುಂದೇನಾಗುತ್ತದೆ ಅಂತ ಹೇಳಲಿ. ಅದೇ ಪುಸ್ತಕ ನಾಲ್ಕು ದಿನ. ನಾಲ್ಕನೇ ದಿನ ತಡೆಯಿಲ್ಲದೆ ಓದುವಾಗ ಅವರಿಗೇ ಗೊತ್ತಾಗುತ್ತದೆ. ಅವ್ವ ಪಕ್ಕದಲ್ಲಿ ಕೂತು ಕೇಳುತ್ತಿದ್ದರೆ ಇನ್ನೂ ಒಳ್ಳೆಯದು. ಆಕೆ ನಡುವೆ ತನಗೆ ಗೊತ್ತಿರುವ ಒಂದು ಕತೆ ಹೇಳಿದರೆ ಪುಸ್ತಕ ಮುಚ್ಚಿಟ್ಟು ಅದನ್ನು ಕೇಳಿ.

ಒಂದು ಎಚ್ಚರಿಕೆ. ಮಗುವನ್ನು ಅಮ್ಮನ ಮೇಷ್ಟ್ರಾಗಿ ಮಾಡಬೇಡಿ. “ನಿನಗಿಷ್ಟೂ ಬರಲ್ವಾ ಮಮ್ಮಿ” ಅಂತ ಏಳು ವರ್ಷದ ಮಗು ಒಂದು ಸಲ ಅಂದರೆ ಸಾಕು, ಅವರು ಆಮೇಲೆ ಪುಸ್ತಕ ಮುಟ್ಟುವುದಿಲ್ಲ. ಮಗು ಓದಿ ಹೇಳಲಿ, ತಪ್ಪು ಹಿಡಿಯುವ ಕೆಲಸ ಅದಕ್ಕೆ ಬೇಡ.

ಗ್ರಂಥಾಲಯಕ್ಕೆ ಹೆಂಗಸರು ಹೋಗದಿರಲು ಇನ್ನೊಂದು ಕಾರಣ ನಿಮಗೂ ಗೊತ್ತಿರುತ್ತದೆ. ಬೆಳಿಗ್ಗೆ ಪೇಪರ್ ಓದುವ ಗಂಡಸರು, ಆಮೇಲೆ ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು. ಹೊಲದಿಂದ ಬಂದ ಹೆಂಗಸು ಅಲ್ಲಿ ಒಬ್ಬಳೇ ಹೋಗಿ ಕೂರುವುದಿಲ್ಲ. ಅದಕ್ಕೆ ಒಬ್ಬರನ್ನೇ ಕಳಿಸಬೇಡಿ. ಸ್ತ್ರೀಶಕ್ತಿ ಸಂಘದ ವಾರದ ಸಭೆಯನ್ನೇ ಗ್ರಂಥಾಲಯದಲ್ಲಿ ನಡೆಸಲು ಕೇಳಿ. ಹೇಗೂ ಲೆಕ್ಕದ ಪುಸ್ತಕ ತೆಗೆಯುತ್ತಾರೆ, ಅವತ್ತು ಪ್ರತಿಯೊಬ್ಬರೂ ತಮ್ಮ ಸಾಲನ್ನು ತಾವೇ ಓದಲಿ. ಕಂತು ಎಷ್ಟು, ಉಳಿದದ್ದೆಷ್ಟು. ಇಷ್ಟು ಆಸಕ್ತಿಯಿಂದ ಓದುವ ಪಾಠ ಇನ್ನೊಂದಿಲ್ಲ, ದುಡ್ಡಿನ ವಿಷಯ ನೋಡಿ.

ಸರ್ಕಾರಿ ತರಗತಿ ಬೇಕು ಅಂದರೆ ಈಗ ಇರುವುದು ‘ಉಲ್ಲಾಸ್’, ಅಂದರೆ ನವ ಭಾರತ ಸಾಕ್ಷರತಾ ಕಾರ್ಯಕ್ರಮ. 2022ರಿಂದ 2027ರವರೆಗೆ. 15 ವರ್ಷ ಮೇಲ್ಪಟ್ಟ, ಓದು ಬಾರದ ಯಾರಾದರೂ ಸೇರಬಹುದು. ಕಲಿಸುವವರು ಸ್ವಯಂಸೇವಕರು, ಅವರಿಗೆ ಸಂಬಳ ಇಲ್ಲ. ಸುಮಾರು 200 ಗಂಟೆ ಕಲಿಕೆ. ಕೊನೆಗೆ ಕನ್ನಡದಲ್ಲೇ ಒಂದು ಪರೀಕ್ಷೆ: ಓದು, ಬರಹ, ಲೆಕ್ಕ ತಲಾ 50 ಅಂಕ, ಒಟ್ಟು 150. ಪಾಸಾದರೆ ಪ್ರಮಾಣಪತ್ರ. ಪಂಚಾಯಿತಿಯಲ್ಲಿ ಅಥವಾ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಲ್ಲಿ ವಿಚಾರಿಸಿ. ನೀವು ಡಿಗ್ರಿ ಮುಗಿಸಿದ್ದೀರಿ, ನೀವೇ ಸ್ವಯಂಸೇವಕರಾಗಿ ಹೆಸರು ಬರೆಸಬಹುದು. ಆಗ ಗ್ರಂಥಾಲಯದಲ್ಲಿ ಕೂರಲು ಜಾಗ ಕೇಳುವುದಕ್ಕೂ ಒಂದು ಬಲ ಬರುತ್ತದೆ.

ಆದರೆ ಅವ್ವನನ್ನು ಪರೀಕ್ಷೆಗೆ ಅಂತ ಓದಿಸಬೇಡಿ. ಪರೀಕ್ಷೆ ಮುಗಿದ ಮಾರನೇ ದಿನವೇ ಪುಸ್ತಕ ಅಟ್ಟ ಸೇರುತ್ತದೆ. ಬರೆಯಲು ಆಕೆಗೇ ಮನಸ್ಸಾದರೆ ಬರೆಯಲಿ.

ಅತ್ತಿಗೆಗೆ ಈ ಪರೀಕ್ಷೆ ಅಷ್ಟು ಉಪಯೋಗವಿಲ್ಲ, ಅವರು ಆ ಮಟ್ಟ ಆಗಲೇ ದಾಟಿದ್ದಾರೆ. ಓದುವ ವೇಗ ಬಂದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಎ, ಬಿ, ಸಿ ಹಂತಗಳನ್ನು ನೋಡಿ. ಅವು ಮೂರನೇ, ಐದನೇ, ಎಂಟನೇ ತರಗತಿಗೆ ಸಮ. ನಾಲ್ಕನೆಯದಕ್ಕೆ ಬಿಟ್ಟವರು ಬಿ ಹಂತಕ್ಕೆ ಓದಬಹುದು. ಅಂಗನವಾಡಿ, ಬಿಸಿಯೂಟದ ಕೆಲಸಕ್ಕೆ ಮುಂದೆಂದಾದರೂ ಅರ್ಜಿ ಹಾಕುವ ಆಸೆ ಅವರಿಗಿದ್ದರೆ ಆ ಹುದ್ದೆಗೆ ಎಷ್ಟು ಓದಿರಬೇಕು ಅಂತ ಅಧಿಸೂಚನೆ ನೋಡಿ, ಅದಕ್ಕೆ ತಕ್ಕ ಹಂತ ಆರಿಸಿಕೊಳ್ಳಲಿ.

ಗ್ರಂಥಾಲಯವೇ ಸರಿಯಾಗಿ ತೆಗೆಯುತ್ತಿಲ್ಲ ಅಂದರೆ ಮೇಲ್ವಿಚಾರಕರ ಜೊತೆ ಜಗಳಕ್ಕೆ ಇಳಿಯಬೇಡಿ. ತೆಗೆಯುವ ಮುಚ್ಚುವ ಹೊತ್ತನ್ನು ಬಾಗಿಲ ಮೇಲೆ ಬರೆಸಲು ಪಿಡಿಒ ಅವರಿಗೆ ಅರ್ಜಿ ಕೊಡಿ. ಸಂಜೆ ಒಂದು ಗಂಟೆ ಹೆಂಗಸರಿಗೆ ಬೇಕು ಅನ್ನುವುದನ್ನೂ ಅದರಲ್ಲೇ ಸೇರಿಸಿ. ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೆಲಸ ಆಗದಿದ್ದರೆ ಮುಂದಿನ ಗ್ರಾಮ ಸಭೆಯಲ್ಲಿ ಸಂಘದ ನಾಲ್ಕೈದು ಹೆಂಗಸರು ಒಟ್ಟಿಗೆ ಎದ್ದು ಕೇಳಲಿ.